ಡಿಜಿಟಲ್ ಎಕ್ಸ್‌ರೇಯಲ್ಲಿ ಹಲ್ಲಿನ ಸುತ್ತಲಿನ ಮೂಳೆ ಸವೆತವನ್ನು ಗುರುತಿಸುವ ಕ್ರಮ

ಹಲ್ಲು ಅಲುಗಾಡತೊಡಗಿದ ಮೇಲೆ ದಂತವೈದ್ಯರ ಬಳಿಗೆ ಬರುವವರಲ್ಲಿ ಬಹುತೇಕರಿಗೆ ಮೂಳೆಯ ಸವೆತ ಹಲವು ವರ್ಷಗಳ ಹಿಂದೆಯೇ ಆರಂಭವಾಗಿರುತ್ತದೆ. ವಸಡಿನ ರೋಗ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಹಲ್ಲುಜ್ಜುವಾಗ ಒಸರುವ ರಕ್ತವನ್ನು ಜನ ಬ್ರಷ್ ಗಟ್ಟಿಯಾಯಿತೆಂದು ಭಾವಿಸಿ ಮರೆತುಬಿಡುತ್ತಾರೆ. ಆ ವರ್ಷಗಳಲ್ಲಿ ಬೇರೆ ಯಾವುದೋ ಹಲ್ಲಿನ ಹುಳುಕಿಗೆಂದು ತೆಗೆದ ಎಕ್ಸ್‌ರೇಯ ಅಂಚಿನಲ್ಲಿ ಮೂಳೆ ಇಳಿದಿರುವುದು ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಆದರೆ ಅದನ್ನು ಯಾರೂ ಅಳೆದಿರುವುದಿಲ್ಲ. ಈ ಮಾರ್ಗದರ್ಶಿಯನ್ನು ಮುಖ್ಯವಾಗಿ ದಂತವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಮತ್ತು ಹೊಸದಾಗಿ ಕ್ಲಿನಿಕ್ ತೆರೆದವರಿಗಾಗಿ ಬರೆದಿದ್ದೇನೆ. ತಮ್ಮ ಎಕ್ಸ್‌ರೇ ತೋರಿಸುತ್ತಾ ವೈದ್ಯರು ಹೇಳಿದ್ದೇನು ಎಂದು ಅರ್ಥಮಾಡಿಕೊಳ್ಳಬಯಸುವವರೂ ಇದನ್ನು ಓದಬಹುದು. ಅವರು ಇದನ್ನು ಓದಿ ತಮ್ಮ ರೋಗವನ್ನು ತಾವೇ ನಿರ್ಣಯಿಸಬಾರದು, ವೈದ್ಯರಿಗೆ ಸರಿಯಾದ ಪ್ರಶ್ನೆಗಳನ್ನು ಕೇಳಲು ಬಳಸಿಕೊಳ್ಳಬೇಕು.

ಮೊದಲು ಆರೋಗ್ಯವಂತ ಮೂಳೆಯನ್ನು ಗುರುತಿಸಲು ಕಲಿಯಿರಿ

ಎಕ್ಸ್‌ರೇಯಲ್ಲಿ ಗಟ್ಟಿ ವಸ್ತು ಬೆಳ್ಳಗೆ, ಮೃದು ವಸ್ತು ಮತ್ತು ಖಾಲಿ ಜಾಗ ಕಪ್ಪಗೆ ಕಾಣುತ್ತವೆ. ಹಲ್ಲಿನ ತಲೆಯ ಮೇಲಿನ ಅತ್ಯಂತ ಬಿಳಿಯ ಹೊದಿಕೆಯೇ ಎನಾಮೆಲ್. ಆ ಹೊದಿಕೆ ಮುಗಿದು ಬೇರು ಆರಂಭವಾಗುವ ಜಾಗವನ್ನು ದಂತವೈದ್ಯರು ಸಿಇಜೆ ಎಂದು ಕರೆಯುತ್ತಾರೆ. ಇಡೀ ಓದು ನಿಂತಿರುವುದು ಈ ಬಿಂದುವಿನ ಮೇಲೆ, ಏಕೆಂದರೆ ವಸಡು ಊದಿಕೊಳ್ಳಬಹುದು, ಕುಗ್ಗಬಹುದು, ಆದರೆ ಸಿಇಜೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ.

ಆರೋಗ್ಯವಂತ ಬಾಯಲ್ಲಿ ಎರಡು ಹಲ್ಲುಗಳ ನಡುವಿನ ಮೂಳೆಯ ಅಂಚು ಸಿಇಜೆಯಿಂದ ಸುಮಾರು 1ರಿಂದ 2 ಮಿಲಿಮೀಟರ್ ಬೇರಿನ ಕಡೆಗೆ ಇರುತ್ತದೆ. ಅಂದರೆ ಮೂಳೆ ಎನಾಮೆಲನ್ನು ಮುಟ್ಟಿಕೊಂಡಿರಬೇಕೆಂಬ ನಿರೀಕ್ಷೆಯೇ ತಪ್ಪು. ದವಡೆಹಲ್ಲುಗಳ ನಡುವೆ ಈ ಅಂಚು ಚಪ್ಪಟೆಯಾಗಿದ್ದರೆ ಮುಂದಿನ ಬಾಚಿಹಲ್ಲುಗಳ ನಡುವೆ ಚೂಪಾಗಿರುತ್ತದೆ. ಬೇರಿನ ಸುತ್ತ ತೆಳುವಾದ ಕಪ್ಪು ಗೆರೆಯೊಂದು ಕಾಣುತ್ತದೆ. ಅದು ಹಲ್ಲನ್ನು ಮೂಳೆಗೆ ಹಿಡಿದಿಡುವ ತಂತುಗಳ ಪದರ. ಅದರ ಹೊರಗೆ ಹಲ್ಲಿನ ಗೂಡಿನ ಗೋಡೆ ಬಿಳಿಯ ಗೆರೆಯಾಗಿ ಕಾಣುತ್ತದೆ, ಅದರ ಹೆಸರು ಲ್ಯಾಮಿನಾ ಡ್ಯೂರಾ. ಈ ಬಿಳಿ ಗೆರೆ ಮೂಳೆಯ ಅಂಚಿನ ಮೇಲೂ ಅಖಂಡವಾಗಿ ಹಾದುಹೋಗಿದ್ದರೆ ಆ ಜಾಗ ಬಹುಮಟ್ಟಿಗೆ ಸ್ಥಿರವಾಗಿದೆ ಎಂದು ಭಾವಿಸಬಹುದು. ಗೆರೆ ಕಾಣದಿದ್ದ ಮಾತ್ರಕ್ಕೆ ರೋಗವಿದೆ ಎನ್ನಲಾಗದು. ಕಿರಣದ ಕೋನ ಸ್ವಲ್ಪ ಬದಲಾದರೂ ಅದು ಮಸುಕಾಗುತ್ತದೆ.

ಸರಿಯಾದ ಬಗೆಯ ಚಿತ್ರವನ್ನು ಆರಿಸಿಕೊಳ್ಳಿ

ನಮ್ಮ ಕ್ಲಿನಿಕ್‌ಗಳಲ್ಲಿ ಆರ್‌ವಿಜಿ ಎಂದು ಕರೆಯುವ ಬಾಯೊಳಗಿನ ಸೆನ್ಸರ್‌ನಿಂದ ಮುಖ್ಯವಾಗಿ ಎರಡು ಬಗೆಯ ಚಿತ್ರಗಳನ್ನು ತೆಗೆಯಬಹುದು. ಒಂದೆರಡು ಹಲ್ಲುಗಳನ್ನು ಬೇರಿನ ತುದಿಯವರೆಗೂ ತೋರಿಸುವುದು ಐಒಪಿಎ. ಮೇಲಿನ ಮತ್ತು ಕೆಳಗಿನ ಹಲ್ಲುಗಳ ತಲೆಭಾಗವನ್ನೂ ಅವುಗಳ ನಡುವಿನ ಮೂಳೆಯ ಅಂಚನ್ನೂ ಒಟ್ಟಿಗೆ ತೋರಿಸುವುದು ಬೈಟ್‌ವಿಂಗ್. ಹಿಂದಿನ ಹಲ್ಲುಗಳಲ್ಲಿ ಮೂಳೆಯ ಎತ್ತರವನ್ನು ನೋಡಲು ಬೈಟ್‌ವಿಂಗ್‌ಗಿಂತ ಉತ್ತಮವಾದುದಿಲ್ಲ, ಏಕೆಂದರೆ ಅದರಲ್ಲಿ ಕಿರಣ ಹಲ್ಲುಗಳಿಗೆ ಹೆಚ್ಚುಕಡಿಮೆ ಲಂಬವಾಗಿ ಬೀಳುತ್ತದೆ. ನಮ್ಮಲ್ಲಿ ಇದರ ಬಳಕೆ ತೀರಾ ಕಡಿಮೆ ಎಂಬುದು ನನ್ನ ಬೇಸರ. ರೂಟ್ ಕೆನಾಲ್‌ಗೆಂದು ಸಾಲುಸಾಲಾಗಿ ಐಒಪಿಎ ತೆಗೆಯುವ ಕ್ಲಿನಿಕ್‌ಗಳಲ್ಲೂ ಬೈಟ್‌ವಿಂಗ್ ಹೋಲ್ಡರ್ ಡ್ರಾಯರ್‌ನಿಂದ ಹೊರಬರುವುದೇ ಅಪರೂಪ.

ಪಾಕೆಟ್‌ಗಳ, ಅಂದರೆ ರೋಗದಿಂದ ಹಲ್ಲು ಮತ್ತು ವಸಡಿನ ನಡುವೆ ಉಂಟಾಗುವ ಸಂದುಗಳ, ಆಳ 6 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸೆನ್ಸರನ್ನು ಅಡ್ಡಲಾಗಿ ಇಡದೆ ನೆಟ್ಟಗೆ ತಿರುಗಿಸಿ ಬೈಟ್‌ವಿಂಗ್ ತೆಗೆಯಬೇಕು, ಇಲ್ಲವಾದರೆ ಇಳಿದುಹೋದ ಮೂಳೆಯ ಅಂಚು ಚೌಕಟ್ಟಿನ ಹೊರಗೆ ಉಳಿಯುತ್ತದೆ. ಸವೆತವನ್ನು ಬೇರಿನ ಉದ್ದದ ಶೇಕಡಾವಾರಿನಲ್ಲಿ ಲೆಕ್ಕ ಹಾಕುವುದಿದ್ದರೆ ಬೇರಿನ ತುದಿ ಕಾಣಲೇಬೇಕಾದ್ದರಿಂದ ಐಒಪಿಎ ಅನಿವಾರ್ಯ. ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಒಪಿಜಿಯಿಂದ ಬಾಯಿಯ ಒಟ್ಟು ಸ್ಥಿತಿಯ ಅಂದಾಜು ಸಿಗುತ್ತದೆ. ಆದರೆ ಅದರಲ್ಲಿ ಮುಂಭಾಗದ ಹಲ್ಲುಗಳ ಮೇಲೆ ಬೆನ್ನೆಲುಬಿನ ನೆರಳು ಬೀಳುತ್ತದೆ, ಚಿತ್ರ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಹಿಗ್ಗಿರುವುದಿಲ್ಲ, ಸೂಕ್ಷ್ಮ ವಿವರವೂ ಕಡಿಮೆ. ಒಪಿಜಿಯ ಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಮೂಳೆಯನ್ನು ಅಳೆಯಲು ಹೋಗಬೇಡಿ. ಅನುಮಾನ ಬಂದ ಜಾಗದಲ್ಲಿ ಪ್ರತ್ಯೇಕ ಐಒಪಿಎ ತೆಗೆಯಿರಿ. ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿಯನ್ನು ಶಸ್ತ್ರಚಿಕಿತ್ಸೆಯ ಯೋಜನೆಯಂಥ ನಿರ್ದಿಷ್ಟ ಕಾರಣವಿದ್ದಾಗ ಮಾತ್ರ ಬಳಸಬೇಕು, ಏಕೆಂದರೆ ಅದರಲ್ಲಿ ವಿಕಿರಣದ ಪ್ರಮಾಣ ಬಾಯೊಳಗಿನ ಒಂದು ಎಕ್ಸ್‌ರೇಗಿಂತ ಹಲವು ಪಟ್ಟು ಹೆಚ್ಚು.

ವಿಕಿರಣದ ಬಗ್ಗೆ ರೋಗಿ ಕೇಳುವ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. 1896ರ ಜನವರಿಯಲ್ಲಿ ಜರ್ಮನಿಯ ದಂತವೈದ್ಯ ಓಟ್ಟೋ ವಾಲ್ಖೋಫ್ ತಮ್ಮದೇ ಹಲ್ಲುಗಳ ಮೊದಲ ಎಕ್ಸ್‌ರೇ ತೆಗೆಯಲು 25 ನಿಮಿಷ ಕಿರಣಕ್ಕೆ ಒಡ್ಡಿಕೊಳ್ಳಬೇಕಾಯಿತು; ಇಂದಿನ ಸೆನ್ಸರ್‌ಗೆ ಸೆಕೆಂಡಿನ ಒಂದು ಸಣ್ಣ ಭಾಗ ಸಾಕು. ಒಬ್ಬ ಮನುಷ್ಯ ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಪಡೆಯುತ್ತಾನೆ. ಬಾಯೊಳಗಿನ ಒಂದು ಡಿಜಿಟಲ್ ಚಿತ್ರದಿಂದ ಸಿಗುವುದು ಅದರ ಮುಂದೆ ಅತ್ಯಲ್ಪ. ಆದರೂ ಪ್ರತಿ ಚಿತ್ರಕ್ಕೂ ಒಂದು ಕಾರಣವಿರಬೇಕು, ಅಂದರೆ ಪಾಕೆಟ್‌ನ ಆಳ ಅಳೆಯುವ ತೆಳುವಾದ ಕಡ್ಡಿಯಂಥ ಪ್ರೋಬ್‌ನಿಂದ ಪರೀಕ್ಷಿಸಿದ ಮೇಲೆಯೇ ಎಕ್ಸ್‌ರೇಗೆ ಬರೆಯಬೇಕು. ಭಾರತದಲ್ಲಿ ದಂತ ಎಕ್ಸ್‌ರೇ ಯಂತ್ರ ಇಟ್ಟುಕೊಳ್ಳುವವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ತಾಣದ ಮೂಲಕ ಅದನ್ನು ನೋಂದಾಯಿಸಿರಬೇಕೆಂಬುದನ್ನೂ ಹೊಸಬರು ನೆನಪಿಡಬೇಕು.

ಕೋನ ತಪ್ಪಿದರೆ ಮೂಳೆಯೂ ತಪ್ಪಾಗಿ ಕಾಣುತ್ತದೆ

ಮೂಳೆ ಸವೆತದ ಓದಿನಲ್ಲಿ ಆಗುವ ಬಹುಪಾಲು ತಪ್ಪುಗಳು ಕಣ್ಣಿನವಲ್ಲ, ಕೋನದವು. ಪ್ಯಾರಲಲಿಂಗ್ ವಿಧಾನದಲ್ಲಿ ಸೆನ್ಸರನ್ನು ಹೋಲ್ಡರ್‌ನ ಸಹಾಯದಿಂದ ಹಲ್ಲಿನ ಉದ್ದಕ್ಕೆ ಸಮಾನಾಂತರವಾಗಿ ಇಟ್ಟು, ಕಿರಣ ಎರಡಕ್ಕೂ ಲಂಬವಾಗಿ ಬೀಳುವಂತೆ ಮಾಡಲಾಗುತ್ತದೆ. ಇದರಲ್ಲಿ ಸಿಇಜೆ ಮತ್ತು ಮೂಳೆಯ ಅಂಚಿನ ನಡುವಿನ ಅಂತರ ವಾಸ್ತವಕ್ಕೆ ಹತ್ತಿರವಾಗಿ ಮೂಡುತ್ತದೆ. ರೋಗಿಯ ಬೆರಳಿನಿಂದಲೇ ಸೆನ್ಸರ್ ಹಿಡಿಸಿ ಕೋನವನ್ನು ಅಂದಾಜಿನಲ್ಲಿ ಹೊಂದಿಸುವ ಬೈಸೆಕ್ಟಿಂಗ್ ವಿಧಾನದಲ್ಲಿ ಮೂಳೆಯ ಅಂಚು ಹಲ್ಲಿನ ತಲೆಗೆ ಇರುವುದಕ್ಕಿಂತ ಹತ್ತಿರವಾಗಿ ಕಾಣುತ್ತದೆ, ಅದರಲ್ಲೂ ಕೆನ್ನೆ ಕಡೆಯ ಮೂಳೆ ಹೆಚ್ಚು ಮೇಲೆ ಸರಿದಂತೆ ತೋರುತ್ತದೆ. ಫಲವಾಗಿ ನಿಜವಾದ ಸವೆತಕ್ಕಿಂತ ಕಡಿಮೆ ಸವೆತ ದಾಖಲಾಗುತ್ತದೆ. ರೋಗಿಗೆ ಸಮಾಧಾನ ಕೊಡುವ ತಪ್ಪು ಇದಾದ್ದರಿಂದಲೇ ಹೆಚ್ಚು ಅಪಾಯಕಾರಿ. ಹೋಲ್ಡರ್‌ಗೆ ತಗಲುವ ಒಂದೆರಡು ನಿಮಿಷವನ್ನು ಉಳಿಸಲು ಹೋಗಬೇಡಿ. ಅಂಗುಳು ತಗ್ಗಾಗಿದ್ದು ಸೆನ್ಸರ್ ನೆಟ್ಟಗೆ ಕೂರದಿದ್ದಾಗ, ಅದನ್ನು ಹಲ್ಲಿನಿಂದ ಸ್ವಲ್ಪ ದೂರಕ್ಕೆ, ಅಂಗುಳಿನ ನಡುಭಾಗದ ಕಡೆಗೆ ಸರಿಸಿದರೆ ಸಾಮಾನ್ಯವಾಗಿ ಜಾಗ ಸಿಗುತ್ತದೆ.

ಚಿತ್ರ ಪರದೆಯ ಮೇಲೆ ಬಂದ ಕೂಡಲೇ ಮೂಳೆಯನ್ನು ನೋಡಬೇಡಿ. ಆ ಚಿತ್ರ ನಂಬಲು ಯೋಗ್ಯವೇ ಎಂದು ಮೊದಲು ನೋಡಿ. ಇದಕ್ಕೆ ವಸಡು ತಜ್ಞ ಪ್ರಿಚರ್ಡ್ ಹಾಕಿಕೊಟ್ಟ ನಾಲ್ಕು ಲಕ್ಷಣಗಳು ಇಂದಿಗೂ ಉಪಯುಕ್ತ: ದವಡೆಹಲ್ಲುಗಳ ಮೊನೆಗಳು ಕಾಣಬೇಕು, ಆದರೆ ಅಗಿಯುವ ಮೇಲ್ಮೈ ತೆರೆದುಕೊಂಡು ಕಾಣಬಾರದು, ಎನಾಮೆಲ್ ಹೊದಿಕೆ ಮತ್ತು ಹಲ್ಲಿನೊಳಗಿನ ನರದ ಕೋಣೆ ಪ್ರತ್ಯೇಕವಾಗಿ ಸ್ಪಷ್ಟವಾಗಿರಬೇಕು, ಹಲ್ಲುಗಳ ನಡುವಿನ ಜಾಗ ತೆರೆದಿರಬೇಕು, ಹಲ್ಲುಗಳೇ ವಕ್ರವಾಗಿದ್ದ ಹೊರತು ಒಂದರ ಮೇಲೊಂದು ಹತ್ತಿಕೊಂಡಂತೆ ಕಾಣಬಾರದು. ಅಗಿಯುವ ಮೇಲ್ಮೈ ಕಾಣುತ್ತಿದ್ದರೆ ಮೇಲುಕೆಳಗಿನ ಕೋನ ತಪ್ಪಿದೆ, ಹಲ್ಲುಗಳು ಹತ್ತಿಕೊಂಡಿದ್ದರೆ ಅಡ್ಡಕೋನ ತಪ್ಪಿದೆ. ಎರಡರಲ್ಲಿ ಯಾವುದು ತಪ್ಪಿದ್ದರೂ ಆ ಚಿತ್ರದ ಮೇಲೆ ಅಳತೆ ಮಾಡದಿರುವುದೇ ಲೇಸು.

ಪರದೆಯ ಮೇಲೆ ಚಿತ್ರವನ್ನು ಸಿದ್ಧಪಡಿಸುವುದು

ಕೋಣೆಯ ಬೆಳಕನ್ನು ಕಡಿಮೆ ಮಾಡಿ. ಕಿಟಕಿಯ ಎದುರು ಇಟ್ಟ ಮಾನಿಟರ್‌ನಲ್ಲಿ ಬೂದುಬಣ್ಣದ ಸೂಕ್ಷ್ಮ ಛಾಯೆಗಳು ಕಳೆದುಹೋಗುತ್ತವೆ. ನಂತರ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್‌ಗಳನ್ನು ನಿಧಾನವಾಗಿ ಬದಲಿಸುತ್ತಾ ಮೂಳೆಯ ಅಂಚಿನ ಮೇಲೆ ಗಮನವಿಡಿ. ಎಕ್ಸ್‌ಪೋಷರ್ ಹೆಚ್ಚಾಗಿದ್ದರೆ ಹಲ್ಲುಗಳ ನಡುವಿನ ತೆಳುವಾದ ಮೂಳೆ ಪೂರ್ತಿ ಕಪ್ಪಾಗಿ ಸುಟ್ಟುಹೋಗಿ, ಇಲ್ಲದ ಸವೆತವನ್ನು ಇರುವಂತೆ ತೋರಿಸುತ್ತದೆ. ಸೆನ್ಸರ್ ಗ್ರಹಿಸದೇ ಹೋದ ವಿವರವನ್ನು ಯಾವ ಸಾಫ್ಟ್‌ವೇರ್ ಕೂಡ ಮರಳಿ ತರಲಾರದು. ಅಂಥ ಚಿತ್ರವನ್ನು ಮಾತ್ರ ಕಡಿಮೆ ಎಕ್ಸ್‌ಪೋಷರ್‌ನಲ್ಲಿ ಮತ್ತೆ ತೆಗೆಯಬೇಕಾಗುತ್ತದೆ.

ಅಂಚುಗಳನ್ನು ಚುರುಕುಗೊಳಿಸುವ ಶಾರ್ಪನ್ ಫಿಲ್ಟರ್‌ಗಳನ್ನು ಎಚ್ಚರಿಕೆಯಿಂದ ಬಳಸಿ. ಅವು ನೋಟಕ್ಕೆ ಚಂದ, ಆದರೆ ಲೋಹದ ಫಿಲ್ಲಿಂಗ್ ಅಥವಾ ಕ್ಯಾಪ್‌ನ ಪಕ್ಕದಲ್ಲಿ ಸುಳ್ಳು ಕಪ್ಪು ಅಂಚನ್ನು ಹುಟ್ಟಿಸುತ್ತವೆ. ಮೂಲ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು, ಫಿಲ್ಟರ್ ಹಾಕಿದ್ದನ್ನೂ ಹಾಕದ್ದನ್ನೂ ಹೋಲಿಸಿ ನೋಡಿ. ಸೆನ್ಸರ್ ಬದಲು, ಸ್ಕ್ಯಾನ್ ಮಾಡಿ ಚಿತ್ರ ಪಡೆಯುವ ಫಾಸ್ಫರ್ ಪ್ಲೇಟ್ ಬಳಸುವವರು ಪ್ಲೇಟಿನ ಗೀರುಗಳ ಬಗ್ಗೆಯೂ ಜಾಗ್ರತೆ ವಹಿಸಬೇಕು.

ಅಳತೆಯ ಉಪಕರಣವನ್ನು ತೆರೆಯುವ ಮೊದಲು ಅದನ್ನು ಕ್ಯಾಲಿಬ್ರೇಟ್ ಮಾಡಬೇಕು. ನಿಖರವಾದ ಅಳತೆ ಗೊತ್ತಿರುವ ಯಾವುದಾದರೂ ವಸ್ತು, ಉದಾಹರಣೆಗೆ ಇಂಪ್ಲಾಂಟ್, ಚಿತ್ರದಲ್ಲಿದ್ದರೆ ಅದರ ನಿಜವಾದ ಉದ್ದವನ್ನು ಸಾಫ್ಟ್‌ವೇರ್‌ಗೆ ತಿಳಿಸಿ. ಹಾಗೇನೂ ಇಲ್ಲದಿದ್ದರೆ ಮಿಲಿಮೀಟರ್‌ಗಳಿಗಿಂತ ಶೇಕಡಾವಾರನ್ನು ನಂಬುವುದು ಒಳ್ಳೆಯದು, ಏಕೆಂದರೆ ಬೇರು ಮತ್ತು ಸವೆತ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿರುವಾಗ ಅವುಗಳ ಅನುಪಾತ ಬದಲಾಗುವುದಿಲ್ಲ.

ಹಲ್ಲಿನಿಂದ ಹಲ್ಲಿಗೆ ಸಾಗುತ್ತಾ ಅಳೆಯುವುದು

ಕಣ್ಣು ಮೊದಲು ಹೋಗುವುದು ಅತಿ ಕೆಟ್ಟದಾಗಿ ಕಾಣುವ ಜಾಗಕ್ಕೆ. ಅಲ್ಲೇ ನಿಂತುಬಿಟ್ಟರೆ ಉಳಿದದ್ದು ತಪ್ಪಿಹೋಗುತ್ತದೆ. ಮೇಲಿನ ಬಲಭಾಗದ ಕೊನೆಯ ದವಡೆಹಲ್ಲಿನಿಂದ ಆರಂಭಿಸಿ ಎಡಕ್ಕೆ ಸಾಗಿ, ಕೆಳದವಡೆಗೆ ಇಳಿದು ಮತ್ತೆ ಬಲಕ್ಕೆ ಬರುವ ಕ್ರಮವನ್ನು ಪ್ರತಿಸಲವೂ ಅನುಸರಿಸಿ. ಪ್ರತಿ ಹಲ್ಲಿನಲ್ಲೂ ಅಕ್ಕಪಕ್ಕದ ಹಲ್ಲುಗಳ ಕಡೆಗಿರುವ ಎರಡು ಬದಿಗಳನ್ನು ಬೇರೆಬೇರೆಯಾಗಿ ನೋಡಿ.

ಪ್ರತಿ ಬದಿಯಲ್ಲಿ ಮೂರು ಬಿಂದುಗಳನ್ನು ಗುರುತಿಸಿ: ಸಿಇಜೆ, ಮೂಳೆಯ ಅಂಚು, ಬೇರಿನ ತುದಿ. ಮೂಳೆಯ ಅಂಚೆಂದರೆ ಬೇರಿನ ಪಕ್ಕದ ಕಪ್ಪು ಗೆರೆಯ ಅಗಲ ಸಹಜವಾಗಿರುವ, ಹಲ್ಲಿನ ತಲೆಗೆ ಅತ್ಯಂತ ಹತ್ತಿರದ ಜಾಗ ಎಂದು ಇಟ್ಟುಕೊಂಡರೆ, ಅಂಚು ಮಸುಕಾಗಿದ್ದಾಗಲೂ ಒಂದೇ ಜಾಗವನ್ನು ಹಿಡಿಯಲು ಸಾಧ್ಯವಾಗುತ್ತದೆ. ಕ್ಯಾಪ್ ಅಥವಾ ಫಿಲ್ಲಿಂಗ್‌ನಿಂದ ಸಿಇಜೆ ಮುಚ್ಚಿಹೋಗಿದ್ದರೆ ಅದರ ಬೇರಿನ ಕಡೆಯ ಅಂಚನ್ನೇ ಆಧಾರವಾಗಿ ಇಟ್ಟುಕೊಂಡು, ಹಾಗೆ ಮಾಡಿದ್ದೇನೆಂದು ವರದಿಯಲ್ಲಿ ಬರೆಯಿರಿ.

ಈಗ ಲೆಕ್ಕ. ಸಿಇಜೆಯಿಂದ ಮೂಳೆಯ ಅಂಚಿಗೆ 5 ಮಿಲಿಮೀಟರ್, ಸಿಇಜೆಯಿಂದ ಬೇರಿನ ತುದಿಗೆ 14 ಮಿಲಿಮೀಟರ್ ಇದೆ ಎಂದುಕೊಳ್ಳೋಣ. ಆರೋಗ್ಯವಂತರಲ್ಲೂ ಇರುವ 2 ಮಿಲಿಮೀಟರ್ ಅಂತರವನ್ನು ಎರಡರಿಂದಲೂ ಕಳೆದರೆ 3 ಮತ್ತು 12 ಉಳಿಯುತ್ತವೆ. ಅಂದರೆ ಆ ಬೇರಿಗೆ ಆಸರೆಯಾಗಿದ್ದ ಮೂಳೆಯಲ್ಲಿ ಶೇಕಡಾ 25ರಷ್ಟು ಹೋಗಿದೆ. 2017ರಲ್ಲಿ ಶಿಕಾಗೋದಲ್ಲಿ ನಡೆದ ವಿಶ್ವ ಕಾರ್ಯಾಗಾರ ರೂಪಿಸಿ 2018ರಲ್ಲಿ ಪ್ರಕಟವಾದ ವರ್ಗೀಕರಣದ ಪ್ರಕಾರ, ಸವೆತ ಶೇಕಡಾ 15ಕ್ಕಿಂತ ಕಡಿಮೆಯಿದ್ದರೆ ಮೊದಲ ಹಂತ, 15ರಿಂದ 33ರವರೆಗೆ ಎರಡನೆಯ ಹಂತ, ಬೇರಿನ ನಡುವಿನ ಮೂರನೇ ಒಂದು ಭಾಗಕ್ಕೆ ಅಥವಾ ಅದರಾಚೆಗೆ ಇಳಿದಿದ್ದರೆ ಮೂರನೆಯ ಅಥವಾ ನಾಲ್ಕನೆಯ ಹಂತ. ಈ ಕೊನೆಯ ಎರಡನ್ನು ಬೇರ್ಪಡಿಸುವುದು ಕಳೆದುಕೊಂಡ ಹಲ್ಲುಗಳ ಸಂಖ್ಯೆ, ಅಗಿಯುವ ಶಕ್ತಿ ಮುಂತಾದ ಎಕ್ಸ್‌ರೇಯ ಹೊರಗಿನ ಸಂಗತಿಗಳು. ಹಂತವನ್ನು ನಿರ್ಧರಿಸುವುದು ಅತಿ ಹೆಚ್ಚು ಸವೆತವಾಗಿರುವ ಜಾಗ, ಬಾಯಿಯ ಸರಾಸರಿಯಲ್ಲ. ಪ್ರೋಬ್‌ನ ಅಳತೆ ಲಭ್ಯವಿದ್ದರೆ ಮೊದಲ ಮನ್ನಣೆ ಅದಕ್ಕೇ.

ಅದೇ ವರ್ಗೀಕರಣದ ಇನ್ನೊಂದು ಭಾಗವೇ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಸವೆತದ ಶೇಕಡಾವಾರನ್ನು ರೋಗಿಯ ವಯಸ್ಸಿನಿಂದ ಭಾಗಿಸಬೇಕು. ಉತ್ತರ 0.25ಕ್ಕಿಂತ ಕಡಿಮೆಯಿದ್ದರೆ ರೋಗ ನಿಧಾನಗತಿಯದು, 0.25ರಿಂದ 1ರವರೆಗೆ ಮಧ್ಯಮ ಗತಿಯದು, 1ನ್ನು ಮೀರಿದರೆ ವೇಗದ್ದು. ಮೇಲಿನ ಉದಾಹರಣೆಯ ಶೇಕಡಾ 25ರ ಸವೆತ 50 ವರ್ಷದವರಲ್ಲಿ ಕಂಡರೆ ಉತ್ತರ 0.5, 24 ವರ್ಷದವರಲ್ಲಿ ಕಂಡರೆ 1ಕ್ಕಿಂತ ಹೆಚ್ಚು. ಚಿತ್ರ ಒಂದೇ, ರೋಗ ಬೇರೆ. ಆ ಯುವಕನಿಗೋ ಯುವತಿಗೋ ಕ್ಲೀನಿಂಗ್ ಮಾಡಿ ಕಳುಹಿಸಿದರೆ ಸಾಲದು. ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು, ಧೂಮಪಾನದ ಬಗ್ಗೆ ಕೇಳಬೇಕು, ಒಡಹುಟ್ಟಿದವರ ಬಾಯನ್ನೂ ನೋಡಬೇಕು. ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 7 ಅಥವಾ ಹೆಚ್ಚಿರುವ ಮಧುಮೇಹಿಯನ್ನೂ ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದುವವರನ್ನೂ ಇದೇ ವೇಗದ ಗುಂಪಿಗೆ ಸೇರಿಸಲಾಗುತ್ತದೆ.

ಸವೆತದ ಆಕಾರವನ್ನು ಓದುವುದು

ಅಕ್ಕಪಕ್ಕದ ಎರಡು ಹಲ್ಲುಗಳ ಸಿಇಜೆಗಳನ್ನು ಜೋಡಿಸುವ ಗೆರೆಯೊಂದನ್ನು ಪರದೆಯ ಮೇಲೆ ಎಳೆಯಿರಿ. ಮೂಳೆಯ ಅಂಚು ಆ ಗೆರೆಗೆ ಸಮಾನಾಂತರವಾಗಿದ್ದು ಕೆಳಗೆ ಇಳಿದಿದ್ದರೆ ಅದು ಅಡ್ಡ ಸವೆತ. ಒಂದು ಹಲ್ಲಿನ ಪಕ್ಕದಲ್ಲಿ ಮಾತ್ರ ಓರೆಯಾಗಿ ಗುಂಡಿ ಬಿದ್ದಿದ್ದರೆ ಅದು ಲಂಬ ಸವೆತ. ಈ ಗೆರೆಯನ್ನು ಎಳೆಯದೆ ತೀರ್ಮಾನಿಸುವವರು ಒಂದು ಸಾಮಾನ್ಯ ತಪ್ಪಿಗೆ ಬೀಳುತ್ತಾರೆ: ಕಿತ್ತ ಹಲ್ಲಿನ ಜಾಗಕ್ಕೆ ವಾಲಿದ ದವಡೆಹಲ್ಲಿನ ಪಕ್ಕದ ಮೂಳೆ ಓರೆಯಾಗಿ ಕಾಣುವುದು ಸಹಜ, ಏಕೆಂದರೆ ಅಲ್ಲಿ ಸಿಇಜೆಗಳ ಗೆರೆಯೇ ಓರೆಯಾಗಿರುತ್ತದೆ. ನಿಜವಾದ ಲಂಬ ಸವೆತದಲ್ಲಿ ಕೆಲವೊಮ್ಮೆ ಮೂಳೆಯನ್ನು ಮರಳಿ ಬೆಳೆಸುವ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದರಿಂದ ಈ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ.

ದವಡೆಹಲ್ಲುಗಳ ಬೇರುಗಳು ಕವಲೊಡೆಯುವ ಜಾಗಕ್ಕೆ, ಅಂದರೆ ಫರ್ಕೇಶನ್‌ಗೆ, ಪ್ರತ್ಯೇಕ ಗಮನ ಕೊಡಿ. ಕೆಳಗಿನ ದವಡೆಹಲ್ಲಿನಲ್ಲಿ ಎರಡು ಬೇರುಗಳ ನಡುವೆ ಮೂಳೆ ಕಪ್ಪಾಗಿ ಕಾಣುವುದು, ಅಥವಾ ಅಲ್ಲಿನ ಕಪ್ಪು ಗೆರೆ ದಪ್ಪವಾಗಿರುವುದು ಎಚ್ಚರಿಕೆಯ ಸೂಚನೆ. ಮೇಲಿನ ದವಡೆಹಲ್ಲಿಗೆ ಮೂರು ಬೇರುಗಳು; ಅಂಗುಳಿನ ಕಡೆಯ ಬೇರು ಕವಲಿನ ಜಾಗವನ್ನು ಮುಚ್ಚಿಬಿಡುತ್ತದೆ. ಅಲ್ಲಿ ಕೆಲವೊಮ್ಮೆ ಬೇರುಗಳ ನಡುವೆ ಬಾಣದ ತುದಿಯಂಥ ತ್ರಿಕೋನ ನೆರಳು ಕಾಣುತ್ತದೆ. ಕಂಡರೆ ಅನುಮಾನಿಸಿ, ಕಾಣದಿದ್ದರೆ ನಿಶ್ಚಿಂತರಾಗಬೇಡಿ, ಬಾಗಿದ ನೇಬರ್ಸ್ ಪ್ರೋಬ್‌ನಿಂದ ಮುಟ್ಟಿ ನೋಡಿ.

ಸವೆತದ ಜೊತೆಗೇ ಅದರ ಕಾರಣವೂ ಎಷ್ಟೋ ಸಲ ಚಿತ್ರದಲ್ಲೇ ಇರುತ್ತದೆ: ಬೇರಿನ ಬದಿಯಲ್ಲಿ ಮುಳ್ಳಿನಂತೆ ಚಾಚಿಕೊಂಡ ಗಟ್ಟಿ ಪಾಚಿ, ಹಲ್ಲಿನ ಅಂಚನ್ನು ಮೀರಿ ಹೊರಚಾಚಿದ ಫಿಲ್ಲಿಂಗ್, ಸರಿಯಾಗಿ ಕೂರದ ಕ್ಯಾಪ್. ಬರಿಯ ಮೊದಲ ದವಡೆಹಲ್ಲುಗಳು ಮತ್ತು ಬಾಚಿಹಲ್ಲುಗಳ ಸುತ್ತ ಮಾತ್ರ ಆಳವಾದ ಸವೆತ ಎಳೆಯ ವಯಸ್ಸಿನಲ್ಲಿ ಕಂಡರೆ ತಡಮಾಡದೆ ವಸಡು ತಜ್ಞರಿಗೆ ಕಳುಹಿಸಿ.

ಎಕ್ಸ್‌ರೇ ತೋರಿಸದ ಸಂಗತಿಗಳು

ಮೂಳೆಯ ಖನಿಜಾಂಶ ಸುಮಾರು ಶೇಕಡಾ 30ರಿಂದ 50ರಷ್ಟು ಕರಗುವವರೆಗೆ ಸಾಮಾನ್ಯ ಎಕ್ಸ್‌ರೇಯಲ್ಲಿ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಆರಂಭದ ರೋಗ ಚಿತ್ರಕ್ಕಿಂತ ಯಾವಾಗಲೂ ಒಂದು ಹೆಜ್ಜೆ ಮುಂದಿರುತ್ತದೆ. ಜೊತೆಗೆ, ಚಿತ್ರ ಹೇಳುವುದು ಈವರೆಗೆ ಎಷ್ಟು ಮೂಳೆ ಹೋಗಿದೆ ಎಂಬುದನ್ನು ಮಾತ್ರ. ಈಗಲೂ ಹೋಗುತ್ತಿದೆಯೇ ಎಂಬುದನ್ನು ಹೇಳುವುದು ಪ್ರೋಬ್ ತಾಗಿದಾಗ ಬರುವ ರಕ್ತ, ಕೀವು ಮತ್ತು ಪಾಕೆಟ್‌ನ ಆಳ.

ಇನ್ನೂ ದೊಡ್ಡ ಮಿತಿಯೆಂದರೆ ಹಲ್ಲಿನ ಕೆನ್ನೆ ಕಡೆಯ ಮತ್ತು ನಾಲಿಗೆ ಕಡೆಯ ಮೂಳೆ. ಅವು ಹಲ್ಲಿನ ಬಿಳಿಯ ನೆರಳಿನಲ್ಲೇ ಮುಚ್ಚಿಹೋಗುತ್ತವೆ. ನಮ್ಮ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ, ಏಕೆಂದರೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪನ್ನೋ ಗುಟ್ಕಾವನ್ನೋ ಕೆನ್ನೆಯ ಒಂದೇ ಮೂಲೆಯಲ್ಲಿ ಒತ್ತಿಟ್ಟುಕೊಳ್ಳುವವರಲ್ಲಿ ವಸಡು ಕೆಳಸರಿಯುವುದು ಆ ಕೆನ್ನೆ ಕಡೆಯಲ್ಲೇ. ಅಂಥವರ ಬೈಟ್‌ವಿಂಗ್‌ನಲ್ಲಿ ಹಲ್ಲುಗಳ ನಡುವಿನ ಮೂಳೆ ಅಚ್ಚುಕಟ್ಟಾಗಿ ಕಾಣುತ್ತಿದ್ದರೂ ಕೆನ್ನೆಯನ್ನು ಸರಿಸಿ ನೋಡಿದರೆ ಅರ್ಧ ಬೇರು ಹೊರಬಿದ್ದಿರಬಹುದು. ಹೀಗಾಗಿ ಪ್ರತಿ ಹಲ್ಲಿನ ಸುತ್ತ ಆರು ಜಾಗಗಳಲ್ಲಿ ಪ್ರೋಬ್ ಇಳಿಸಿ ಬರೆದ ಪಟ್ಟಿಯನ್ನು ಪರದೆಯ ಪಕ್ಕದಲ್ಲಿಟ್ಟುಕೊಂಡೇ ಎಕ್ಸ್‌ರೇ ಓದಬೇಕು. ಎರಡೂ ಒಪ್ಪದ ಜಾಗದಲ್ಲಿ ಮೊದಲು ಚಿತ್ರದ ಕೋನವನ್ನು, ನಂತರ ಪ್ರೋಬ್ ಹಿಡಿದ ಕೋನವನ್ನು ಪರಿಶೀಲಿಸಿ.

ಕಪ್ಪಾಗಿ ಕಂಡದ್ದೆಲ್ಲ ವಸಡಿನ ರೋಗವೂ ಅಲ್ಲ. ಕೆಳಗಿನ ಕಿರುದವಡೆಹಲ್ಲಿನ ಬಳಿಯ ಮೆಂಟಲ್ ಫೊರಾಮೆನ್ ಎಂಬ ನರದ ರಂಧ್ರ, ಮೇಲಿನ ದವಡೆಯ ಸೈನಸ್ ಎಂಬ ಗಾಳಿಯ ಕುಳಿ, ಕೆಳಗಿನ ಬಾಚಿಹಲ್ಲುಗಳ ನಡುವೆ ನೆಟ್ಟಗೆ ಸಾಗುವ ರಕ್ತನಾಳಗಳ ಗೆರೆಗಳು ಸಹಜ ರಚನೆಗಳು. ಒಂದೇ ಹಲ್ಲಿನ ಒಂದೇ ಬದಿಯಲ್ಲಿ ಬೇರಿನ ಉದ್ದಕ್ಕೂ ಇಳಿದು ತುದಿಯನ್ನು ಸುತ್ತುವರಿದ ಕಿರಿದಾದ ನೆರಳು ಕಂಡರೆ, ವಿಶೇಷವಾಗಿ ರೂಟ್ ಕೆನಾಲ್ ಆದ ಹಲ್ಲಿನಲ್ಲಿ, ಬೇರು ಉದ್ದಕ್ಕೆ ಸೀಳಿರುವ ಸಾಧ್ಯತೆಯನ್ನು ಯೋಚಿಸಿ. ಪಾಚಿಯಿಲ್ಲ, ಆಳವಾದ ಪಾಕೆಟ್ ಇಲ್ಲ, ಆದರೂ ಬೇರಿನ ಸುತ್ತಲಿನ ಕಪ್ಪು ಗೆರೆ ಅಸಮವಾಗಿ ಅಗಲಗೊಂಡಿದೆ, ಜೊತೆಗೆ ತುಟಿ ಜೋಮುಗಟ್ಟಿದೆ ಎಂದಾದರೆ ಅದನ್ನು ಕ್ಲೀನಿಂಗ್‌ನಿಂದ ಸರಿಪಡಿಸಲು ಹೋಗದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಮೂಳೆಯ ಗಡ್ಡೆಗಳು ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ.

ದಾಖಲಿಸಿ, ಹೋಲಿಸಿ

ಡಿಜಿಟಲ್ ಎಕ್ಸ್‌ರೇಯ ನಿಜವಾದ ಲಾಭ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದರಲ್ಲಿದೆ. ಅದು ಸಾಧ್ಯವಾಗಬೇಕಾದರೆ ಅದೇ ಹೋಲ್ಡರ್, ಅದೇ ಕೋನ, ಅದೇ ಎಕ್ಸ್‌ಪೋಷರ್ ಬಳಸಿರಬೇಕು, ಮತ್ತು ಚಿತ್ರವನ್ನು ವೈದ್ಯಕೀಯ ಚಿತ್ರಗಳಿಗೆಂದೇ ಇರುವ ಡೈಕಾಮ್ ಫೈಲ್ ರೂಪದಲ್ಲಿ ಉಳಿಸಿರಬೇಕು. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳುಹಿಸಿದ ಚಿತ್ರ ಕುಗ್ಗಿಹೋಗಿ ಸೂಕ್ಷ್ಮ ವಿವರಗಳನ್ನು ಕಳೆದುಕೊಂಡಿರುತ್ತದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ರೋಗಿಗಳು ಪರದೆಯ ಫೋಟೋ ತೆಗೆಯುವ ಬದಲು ಮೂಲ ಫೈಲನ್ನೇ ಕೇಳಿ ಪಡೆಯುವುದು ಉತ್ತಮ.

ವರದಿಯಲ್ಲಿ ‘ಮೂಳೆ ಸವೆದಿದೆ’ ಎಂದಷ್ಟೇ ಬರೆಯಬೇಡಿ. ಯಾವ ಹಲ್ಲು, ಯಾವ ಬದಿ, ಶೇಕಡಾ ಎಷ್ಟು, ಅಡ್ಡವೋ ಲಂಬವೋ, ಕವಲಿನ ಜಾಗ ಹೇಗಿದೆ, ಸವೆತ ಶೇಕಡಾ 30ಕ್ಕಿಂತ ಕಡಿಮೆ ಹಲ್ಲುಗಳಿಗೆ ಸೀಮಿತವೋ ಅಥವಾ ಬಾಯಿಯ ತುಂಬ ಹರಡಿದೆಯೋ ಎಂಬುದನ್ನು ಬರೆಯಿರಿ. ಚಿಕಿತ್ಸೆಯ ಫಲ ನೋಡಲು ಎರಡು ತಿಂಗಳಿಗೇ ಮತ್ತೆ ಎಕ್ಸ್‌ರೇ ತೆಗೆಯುವುದು ವ್ಯರ್ಥ. ವಸಡಿನ ಸುಧಾರಣೆ ಕೆಲವು ವಾರಗಳಲ್ಲೇ ಪ್ರೋಬ್‌ಗೆ ತಿಳಿಯುತ್ತದೆ, ಮೂಳೆಯ ಬದಲಾವಣೆ ಚಿತ್ರದಲ್ಲಿ ಮೂಡಲು 6ರಿಂದ 12 ತಿಂಗಳು ಬೇಕು. ಆ ನಡುವೆ ಪಾಕೆಟ್ ಇದ್ದಕ್ಕಿದ್ದಂತೆ ಆಳವಾದರೆ, ಕೀವು ಕಂಡರೆ ಅಥವಾ ಹಲ್ಲು ಹೊಸದಾಗಿ ಅಲುಗಾಡತೊಡಗಿದರೆ ಮಾತ್ರ ಆ ಒಂದು ಹಲ್ಲಿನ ಐಒಪಿಎಯನ್ನು ಮೊದಲಿನದೇ ಕೋನದಲ್ಲಿ ತೆಗೆದು, ಹಳೆಯದರ ಪಕ್ಕದಲ್ಲಿಟ್ಟು ಅಳೆಯಿರಿ.